ರಾಬರ್ಟ್ ಬ್ರೂಸ್ ಫೂಟ್

ರಾಬರ್ಟ್ ಬ್ರೂಸ್ ಫೂಟ್ (22 ಸೆಪ್ಟೆಂಬರ್ 1834 – 29 ಡಿಸೆಂಬರ್ 1912) ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆಯಲ್ಲಿ ಸೇವೆ ಸಲ್ಲಿಸಿದ ಬ್ರಿಟಿಷ್ ಭೂವಿಜ್ಞಾನಿ ಮತ್ತು ಪ್ರಾಗಿತಿಹಾಸ ಸಂಶೋಧಕ. ಭಾರತದಲ್ಲಿ ಹಳೆಯ ಶಿಲಾಯುಗದ ಮಾನವನ ಕುರುಹನ್ನು ಮೊದಲು ಗುರುತಿಸಿದವರು ಇವರೇ ಆದುದರಿಂದ ಇವರನ್ನು ಭಾರತೀಯ ಪ್ರಾಗಿತಿಹಾಸದ ಪಿತಾಮಹ ಎಂದು ಕರೆಯುತ್ತಾರೆ. ದಕ್ಷಿಣ ಭಾರತದ ಚಿನ್ನ ಮತ್ತು ಕಬ್ಬಿಣದ ಅದಿರುಗಳನ್ನು ಒಳಗೊಂಡ ಶಿಲಾಸಮೂಹವನ್ನು ಪ್ರತ್ಯೇಕವಾಗಿ ಗುರುತಿಸಿ ಅದಕ್ಕೆ ಧಾರವಾಡ ಶಿಲಾವರ್ಗ ಎಂದು ಹೆಸರಿಟ್ಟವರೂ ಇವರೇ. ರಾಯಚೂರು ಜಿಲ್ಲೆಯ ಮಸ್ಕಿ, ಲಿಂಗಸುಗೂರು ಪ್ರದೇಶ, ಬಳ್ಳಾರಿಯ ಸಂಗನಕಲ್ಲು ಮತ್ತು ಸಂಡೂರು ಬೆಟ್ಟಸಾಲು ಇವರ ಎರಡೂ ಬಗೆಯ ಕೆಲಸಕ್ಕೆ ಏಕಕಾಲದಲ್ಲಿ ಕ್ಷೇತ್ರಗಳಾಗಿದ್ದವು. ಅವರು ಸುತ್ತಿಗೆ ಹಿಡಿದು ನಡೆದಾಡಿದ ಆ ನೆಲದಲ್ಲಿ ಇಂದು ಬೃಹತ್ ಗಣಿ ಯಂತ್ರಗಳು ಕೆಲಸ ಮಾಡುತ್ತಿರುವುದರಿಂದ, ಅವರ ದಾಖಲೆಗಳು ಕಳೆದುಹೋದ ಮತ್ತು ಕಳೆದುಹೋಗುತ್ತಿರುವ ಅನೇಕ ನೆಲೆಗಳ ಬಗೆಗಿನ ಮುಖ್ಯ ಆಧಾರಗಳಾಗಿ ಉಳಿದಿವೆ.

ಆರಂಭಿಕ ಜೀವನ ಮತ್ತು ವೃತ್ತಿ

ಫೂಟ್ ಇಂಗ್ಲೆಂಡಿನ ಚೆಲ್ಟನ್‌ಹ್ಯಾಮ್‌ನಲ್ಲಿ ಜನಿಸಿದರು. 1858ರ ಸೆಪ್ಟೆಂಬರಿನಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆಯನ್ನು ಸೇರಿದಾಗ ಅವರಿಗೆ 24 ವರ್ಷ. ಥಾಮಸ್ ಓಲ್ಡ್‌ಹ್ಯಾಮ್ ನೇತೃತ್ವದಲ್ಲಿದ್ದ ಆ ಇಲಾಖೆ ಆಗಿನ್ನೂ ಎಳೆಯದು; ಇಡೀ ಉಪಖಂಡದ ಶಿಲಾನಕ್ಷೆಯನ್ನು ಬೆರಳೆಣಿಕೆಯ ಅಧಿಕಾರಿಗಳು ಸಿದ್ಧಪಡಿಸಬೇಕಾಗಿತ್ತು. ಫೂಟ್ ಅವರನ್ನು ಮದರಾಸು ಪ್ರಾಂತ್ಯಕ್ಕೆ ನಿಯೋಜಿಸಲಾಯಿತು. ಮುಂದಿನ ಮೂರು ದಶಕಗಳನ್ನು ಅವರು ಬಹುಪಾಲು ದಕ್ಷಿಣ ಭಾರತದಲ್ಲಿಯೇ ಕಳೆದರು. ಮದರಾಸಿನಲ್ಲಿ ನೆಲೆಸಿದ್ದ ತಮಿಳು ವಿದ್ವಾಂಸ ಪೀಟರ್ ಪರ್ಸಿವಲ್ ಅವರ ಮಗಳು ಎಲಿಜಬೆತ್ ಆನ್ ಅವರನ್ನು ವಿವಾಹವಾದರು.

ಅಂದಿನ ಭೂವಿಜ್ಞಾನಿಯ ಕೆಲಸವೆಂದರೆ ಚಳಿಗಾಲ ಮತ್ತು ಬೇಸಿಗೆಯ ತಿಂಗಳುಗಳಲ್ಲಿ ಡೇರೆ, ಕುದುರೆ, ಎತ್ತಿನ ಗಾಡಿಗಳೊಂದಿಗೆ ಊರಿಂದೂರಿಗೆ ಸಾಗುವುದು, ಹಳ್ಳದ ದಂಡೆ, ಬಾವಿಯ ಗೋಡೆ, ಬೆಟ್ಟದ ಇಳಿಜಾರುಗಳಲ್ಲಿ ಕಾಣುವ ಕಲ್ಲನ್ನು ಪರೀಕ್ಷಿಸಿ ನಕ್ಷೆಯಲ್ಲಿ ಬಣ್ಣ ತುಂಬುವುದು. ಮಳೆಗಾಲದಲ್ಲಿ ಕಚೇರಿಗೆ ಮರಳಿ ವರದಿ ಬರೆಯುವುದು. ಈ ಕ್ರಮದಲ್ಲಿ ನೆಲದ ಮೇಲ್ಮೈಯೇ ಪುಸ್ತಕ. ಫೂಟ್ ಅವರ ಭೂವಿಜ್ಞಾನವೂ ಪ್ರಾಗಿತಿಹಾಸವೂ ಕೆಡದೆ ಉಳಿದಿದ್ದ ಮೇಲ್ಮೈಯನ್ನು ಅವಲಂಬಿಸಿದ್ದವು ಎಂಬುದನ್ನು ಅವರ ಬದುಕಿನ ಮುಂದಿನ ಭಾಗ ಓದುವಾಗ ನೆನಪಿಡಬೇಕು.

ಪಲ್ಲಾವರಂ ಕೈಗೊಡಲಿ

1863ರ ಮೇ 30ರಂದು ಮದರಾಸಿನ ಸಮೀಪದ ಪಲ್ಲಾವರಂ ದಂಡುಪ್ರದೇಶದ ಕವಾಯತು ಮೈದಾನದಲ್ಲಿದ್ದ ಜಲ್ಲಿಗುಣಿಯೊಂದರಲ್ಲಿ ಫೂಟ್ ಅವರಿಗೆ ಕ್ವಾರ್ಟ್‌ಜೈಟ್ ಶಿಲೆಯ ಕೈಗೊಡಲಿಯೊಂದು ದೊರೆಯಿತು. ಯುರೋಪಿನಲ್ಲಿ ಅದಕ್ಕೆ ನಾಲ್ಕೇ ವರ್ಷಗಳ ಹಿಂದೆ, ಫ್ರಾನ್ಸಿನ ಸೊಮ್ ನದಿಯ ಕಣಿವೆಯಲ್ಲಿ ದೊರೆತಿದ್ದ ಇಂತಹ ಉಪಕರಣಗಳು ಅತಿ ಪ್ರಾಚೀನ ಮಾನವನ ಕೃತಿಗಳೆಂದು ವಿದ್ವಾಂಸರು ಒಪ್ಪಿಕೊಂಡಿದ್ದರು. ಆ ಚರ್ಚೆಯನ್ನು ಬಲ್ಲ ಕಣ್ಣಿಗೆ ಮಾತ್ರ ಪಲ್ಲಾವರದ ಕಲ್ಲು ಕಲ್ಲಾಗಿ ಕಾಣಲಿಲ್ಲ. ಅದೇ ವರ್ಷ ಸೆಪ್ಟೆಂಬರಿನಲ್ಲಿ ಸಹೋದ್ಯೋಗಿ ವಿಲಿಯಂ ಕಿಂಗ್ ಅವರೊಡನೆ ಅತ್ತಿರಂಪಾಕ್ಕಂ ನೆಲೆಯನ್ನೂ ಗುರುತಿಸಿದರು. ಭಾರತದಲ್ಲಿ ಮನುಷ್ಯನ ಇತಿಹಾಸ ಲಿಖಿತ ದಾಖಲೆಗಳಿಗಿಂತ ಎಷ್ಟೋ ಹಿಂದಕ್ಕೆ ಹೋಗುತ್ತದೆ ಎಂಬುದು ಈ ಎರಡು ಶೋಧಗಳಿಂದ ಸ್ಥಾಪಿತವಾಯಿತು.

ಆ ಕೊಡಲಿ ದೊರೆತದ್ದು ಅಗೆದ ಗುಣಿಯಲ್ಲಿ ಎಂಬುದು ಗಮನಾರ್ಹ. ಗುದ್ದಲಿ, ಪಿಕಾಸಿ, ಬುಟ್ಟಿಗಳಿಂದ ನಡೆಯುತ್ತಿದ್ದ ಅಗೆತವು ಪದರಗಳನ್ನು ಬಯಲಿಗೆ ತೋರುತ್ತಿತ್ತು, ಹಾದುಹೋಗುವವನಿಗೆ ನೋಡಲು ಬಿಡುವನ್ನೂ ಕೊಡುತ್ತಿತ್ತು. ರಸ್ತೆ, ರೈಲುಮಾರ್ಗಗಳಿಗಾಗಿ ಜಲ್ಲಿ ತೆಗೆದ ಗುಣಿಗಳು ಆ ಕಾಲದ ಪ್ರಾಗಿತಿಹಾಸ ಸಂಶೋಧಕರಿಗೆ ಒದಗಿಬಂದ ಕಿಟಕಿಗಳಾಗಿದ್ದವು.

ಕನ್ನಡ ನಾಡಿನ ಸಮೀಕ್ಷೆ

1860ರ ದಶಕದ ಕೊನೆಯಿಂದ ಫೂಟ್ ಅವರ ಕಾರ್ಯಕ್ಷೇತ್ರ ಕೃಷ್ಣಾ ನದಿಯ ಮೇಲ್ಭಾಗಕ್ಕೆ ವಿಸ್ತರಿಸಿತು. ಬೆಳಗಾವಿ, ಧಾರವಾಡ ಹಾಗೂ ಅಂದಿನ ಕಲಾದಗಿ ಜಿಲ್ಲೆಗಳನ್ನು ಒಳಗೊಂಡ ಪ್ರದೇಶವನ್ನು ಆಗ ದಕ್ಷಿಣ ಮರಾಠಾ ಪ್ರದೇಶ ಎಂದು ಕರೆಯುತ್ತಿದ್ದರು. ಇಲ್ಲಿನ ಸಮೀಕ್ಷೆಯ ಫಲವಾದ ಬೃಹತ್ ವರದಿ 1876ರಲ್ಲಿ ಇಲಾಖೆಯ ಸ್ಮರಣಸಂಪುಟಗಳ ಮಾಲೆಯಲ್ಲಿ ಪ್ರಕಟವಾಯಿತು. ಬಾಗಲಕೋಟೆ ಸುತ್ತಲಿನ ಸುಣ್ಣಕಲ್ಲು ಮತ್ತು ಕ್ವಾರ್ಟ್‌ಜೈಟ್ ಶಿಲೆಗಳಿಗೆ ಇಂದಿಗೂ ಬಳಕೆಯಲ್ಲಿರುವ ಕಲಾದಗಿ ಎಂಬ ಹೆಸರು ಈ ಸಮೀಕ್ಷೆಯಿಂದ ಬಂದುದು. ಗೋಕಾಕದ ಸಮೀಪ ಘಟಪ್ರಭಾ ಕಣಿವೆಯ ಮೆಕ್ಕಲುಪದರದಲ್ಲಿ ಅಳಿದುಹೋದ ಖಡ್ಗಮೃಗವೊಂದರ ಎಲುಬುಗಳು ಅವರಿಗೆ ದೊರೆತವು. 1874ರಲ್ಲಿ ಅದನ್ನು ಡೆಕ್ಕನಿನ ಹೆಸರಿನಲ್ಲಿಯೇ ಹೊಸ ಪ್ರಭೇದವೆಂದು ವರ್ಣಿಸಿದರು. ಬಯಲುಸೀಮೆಯಲ್ಲಿ ಖಡ್ಗಮೃಗ ಮೇಯುತ್ತಿದ್ದ ಕಾಲವೊಂದಿತ್ತು ಎಂಬುದು ಅಲ್ಲಿಯವರೆಗೆ ಯಾರಿಗೂ ತಿಳಿದಿರಲಿಲ್ಲ. ಅದೇ ವರ್ಷ ಗದಗ ಬಳಿಯ ಡಂಬಳ ಬೆಟ್ಟಗಳ, ಅಂದರೆ ಇಂದಿನ ಕಪ್ಪತಗುಡ್ಡ ಪ್ರದೇಶದ, ಚಿನ್ನದ ಶಿಲೆಗಳ ಕುರಿತು ಬರೆದರು.

ರಾಯಚೂರು ದೋಆಬ್: ಮಸ್ಕಿ ಮತ್ತು ಲಿಂಗಸುಗೂರು

ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಿನ ರಾಯಚೂರು ದೋಆಬ್ 1853ರಲ್ಲಿ ನಿಜಾಮನಿಂದ ಬ್ರಿಟಿಷರ ವಶಕ್ಕೆ ಹೋಗಿ 1860ರಲ್ಲಿ ಮತ್ತೆ ನಿಜಾಮನ ಆಡಳಿತಕ್ಕೆ ಮರಳಿತ್ತು. ಲಿಂಗಸುಗೂರು ಆಗ ದಂಡು ಇದ್ದ ಊರು. 1905ರವರೆಗೆ ಜಿಲ್ಲೆಯ ಕೇಂದ್ರವೂ ಆಗಿತ್ತು. ಪ್ರಾಗಿತಿಹಾಸದ ಮಟ್ಟಿಗೆ ಈ ಊರಿಗೆ ಫೂಟ್ ಅವರಿಗಿಂತ ಹಿಂದಿನ ಹಿರಿಮೆಯಿದೆ. 1842ರಲ್ಲಿಯೇ ಪ್ರಿಮ್‌ರೋಸ್ ಎಂಬ ವೈದ್ಯರು ಇಲ್ಲಿ ಶಿಲಾ ಉಪಕರಣಗಳನ್ನು ಸಂಗ್ರಹಿಸಿದ್ದರು. ಪಕ್ಕದ ಸುರಪುರದಲ್ಲಿ ಆಡಳಿತಾಧಿಕಾರಿಯಾಗಿದ್ದ ಫಿಲಿಪ್ ಮೆಡೋಸ್ ಟೇಲರ್ ಬೃಹತ್ ಶಿಲಾಸಮಾಧಿಗಳನ್ನು ಉತ್ಖನನ ಮಾಡಿದ್ದರು.

ಫೂಟ್ 1870ರಲ್ಲಿ ಮೊದಲ ಬಾರಿಗೆ, 1888ರಲ್ಲಿ ಎರಡನೆಯ ಬಾರಿಗೆ ಮಸ್ಕಿಯನ್ನು ಪರಿಶೀಲಿಸಿದರು. ಬೋಳುಬಂಡೆಗಳ ಬೆಟ್ಟಗಳು, ಅವುಗಳ ಬುಡದಲ್ಲಿ ಹರಿದು ತುಂಗಭದ್ರೆಯತ್ತ ಸಾಗುವ ಮಸ್ಕಿ ಹಳ್ಳ, ಹಳ್ಳದಾಚೆ ಎರೆಭೂಮಿ: ನವಶಿಲಾಯುಗದ ದನಗಾಹಿಗಳಿಗೂ ಮುಂದಿನ ಕಾಲದ ಕುಶಲಕರ್ಮಿಗಳಿಗೂ ನೆಲೆಯಾಗಲು ಬೇಕಾದುದೆಲ್ಲ ಇಲ್ಲಿತ್ತು. ನೆಲದ ಮೇಲೆ ಹರಡಿದ್ದ ಮಡಕೆಚೂರು, ಶಿಲಾ ಉಪಕರಣ ಮತ್ತಿತರ ಅವಶೇಷಗಳನ್ನು ಆರಿಸಿ, ಒಂದೊಂದರ ಸ್ಥಳವನ್ನೂ ಗುರುತು ಹಾಕಿ ತಮ್ಮ ಸಂಗ್ರಹಕ್ಕೆ ಸೇರಿಸಿಕೊಂಡರು. ಮಸ್ಕಿಯ ಪ್ರಾಚೀನತೆಯನ್ನು ವಿದ್ವತ್‌ಲೋಕಕ್ಕೆ ತಿಳಿಸಿದ್ದು ಈ ಭೇಟಿಗಳೇ.

ಇದೇ ನೆಲದ ಇನ್ನೊಂದು ಮುಖ ಚಿನ್ನ. ಮಸ್ಕಿಯಿಂದ ಉತ್ತರಕ್ಕೆ ಹಟ್ಟಿಯವರೆಗೆ ಕೊಕ್ಕೆಯಂತೆ ಬಾಗಿ ಚಾಚಿರುವ ಕಪ್ಪು-ಹಸಿರು ಛಾಯೆಯ ಷಿಸ್ಟ್ ಶಿಲೆಗಳ ಪಟ್ಟಿಯು ಸುತ್ತಲಿನ ಗ್ರಾನೈಟ್ ಮತ್ತು ನೈಸ್ ಶಿಲೆಗಳ ನಡುವೆ ಸ್ಪಷ್ಟವಾಗಿ ಬೇರೆಯಾಗಿ ಕಾಣುತ್ತದೆ. ಇಂದು ಇದಕ್ಕೆ ಹಟ್ಟಿ–ಮಸ್ಕಿ ಷಿಸ್ಟ್ ಪಟ್ಟಿ ಎಂಬ ಹೆಸರಿದೆ. ಇದರೊಳಗಿನ ಬಿಳಿಗಲ್ಲಿನ ಎಳೆಗಳಲ್ಲಿ ಚಿನ್ನವಿದೆ ಎಂಬುದು ಇಲ್ಲಿನವರಿಗೆ ಎರಡು ಸಾವಿರ ವರ್ಷಗಳ ಹಿಂದೆಯೇ ಗೊತ್ತಿತ್ತು. ಬಂಡೆಗೆ ಬೆಂಕಿಯಿಟ್ಟು ಕಾಯಿಸಿ, ಬಿರುಕುಬಿಟ್ಟ ಕಲ್ಲನ್ನು ಕಿತ್ತು, ಅವರು ಹಟ್ಟಿಯಲ್ಲಿ 640 ಅಡಿ ಆಳದವರೆಗೆ ಇಳಿದಿದ್ದರು. ಯಂತ್ರವಿಲ್ಲದ ಯುಗದಲ್ಲಿ ಜಗತ್ತಿನಲ್ಲಿಯೇ ಅತ್ಯಂತ ಆಳವಾದ ಗಣಿಗಳ ಸಾಲಿಗೆ ಇದು ಸೇರುತ್ತದೆ. ಗಣಿಯಲ್ಲಿ ದೊರೆತ ಮರದ ತುಂಡುಗಳ ಇಂಗಾಲ ಕಾಲನಿರ್ಣಯದಿಂದ ಈ ಪ್ರಾಚೀನತೆ ಖಚಿತವಾಗಿದೆ.

ಧಾರವಾಡ ಶಿಲಾವರ್ಗ

ಫೂಟ್ ಅವರ ಭೂವೈಜ್ಞಾನಿಕ ಕೊಡುಗೆಗಳಲ್ಲಿ ಮುಖ್ಯವಾದುದು ಇಂತಹ ಷಿಸ್ಟ್ ಪಟ್ಟಿಗಳ ನಡುವಿನ ಸಂಬಂಧವನ್ನು ಕಂಡುಕೊಂಡದ್ದು. ಅಲ್ಲಿಯವರೆಗೆ ಇವನ್ನು ಹಳೆಯ ನೈಸ್ ಶಿಲೆಗಳ ಭಾಗವೆಂದೇ ಎಣಿಸುತ್ತಿದ್ದರು. ಕೋಲಾರ, ಡಂಬಳ, ಸಂಡೂರು, ಮಸ್ಕಿ ಮೊದಲಾದೆಡೆ ಚದುರಿದಂತೆ ಕಾಣುವ ಪಟ್ಟಿಗಳು ಒಂದೇ ಶಿಲಾವರ್ಗದ ಉಳಿಕೆಗಳೆಂದೂ, ಅವು ನೈಸ್ ಶಿಲೆಗಳ ನಡುವೆ ಮಡಿಕೆಗಳಾಗಿ ಸಿಕ್ಕಿಕೊಂಡು ಸವೆತದಿಂದ ಪಾರಾದವೆಂದೂ ಫೂಟ್ ವಾದಿಸಿದರು. 1888 ಮತ್ತು 1889ರಲ್ಲಿ ಇಲಾಖೆಯ ಪತ್ರಿಕೆಯಲ್ಲಿ ಪ್ರಕಟವಾದ ಲೇಖನಗಳಲ್ಲಿ ಈ ವರ್ಗವನ್ನು ದಕ್ಷಿಣ ಭಾರತದ ಚಿನ್ನದ ಮುಖ್ಯ ಆಕರವೆಂದು ಗುರುತಿಸಿದರು. ಈ ಶಿಲೆಗಳು 250 ಕೋಟಿ ವರ್ಷಗಳಿಗಿಂತಲೂ ಹಳೆಯವೆಂದು ಈಗ ತಿಳಿದಿದೆ. ನೈಸ್ ಮತ್ತು ಷಿಸ್ಟ್‌ಗಳ ಸಂಬಂಧ ಕುರಿತ ಅವರ ತೀರ್ಮಾನಗಳನ್ನು ಮುಂದಿನ ಪೀಳಿಗೆಯವರು ಬಹಳಷ್ಟು ತಿದ್ದಿದ್ದಾರೆ. ಧಾರವಾಡ ಎಂಬ ಹೆಸರು ಮಾತ್ರ ಉಳಿದಿದೆ.

ಲೇಖನಗಳ ಕಾಲವೂ ಗಮನಿಸಬೇಕಾದುದೇ. ಕೋಲಾರದಲ್ಲಿ ಆಳದ ಗಣಿಗಾರಿಕೆ ಯಶಸ್ವಿಯಾಗಿ ಲಂಡನ್ನಿನ ಬಂಡವಾಳ ದಕ್ಷಿಣ ಭಾರತದತ್ತ ಹರಿಯತೊಡಗಿದ್ದ ವರ್ಷಗಳವು. ಚಿನ್ನವನ್ನು ಸಯನೈಡ್ ದ್ರಾವಣದಿಂದ ಬೇರ್ಪಡಿಸುವ ವಿಧಾನ 1887ರಲ್ಲಿ ರೂಪುಗೊಂಡು, ಅಲ್ಲಿಯವರೆಗೆ ಲಾಭವಿಲ್ಲವೆಂದು ಬಿಟ್ಟಿದ್ದ ಬಡ ಅದಿರಿಗೂ ಬೆಲೆ ಬಂತು. ಅದೇ ವರ್ಷ ಫೂಟ್ ಮೈಸೂರು ಸಂಸ್ಥಾನದ ಚಿನ್ನದ ಪ್ರದೇಶಗಳನ್ನು ಪರಿಶೀಲಿಸಿ ವರದಿ ನೀಡಿದರು. ನಿಜಾಮನ ರಾಜ್ಯದಲ್ಲಿ ಗಣಿಗಾರಿಕೆಯ ಹಕ್ಕು ಪಡೆದಿದ್ದ ಹೈದರಾಬಾದ್ ಡೆಕ್ಕನ್ ಕಂಪನಿಯ ಎಂಜಿನಿಯರುಗಳು ಲಿಂಗಸುಗೂರು ಭಾಗದಲ್ಲಿ ಹಳೆಯ ಗಣಿಗುಂಡಿಗಳನ್ನು ಹುಡುಕುತ್ತ ಬಂದರು. ಕಂಪನಿಗಳು ಹುಡುಕಬೇಕಾದ ನೆಲ ಯಾವುದು, ಹುಡುಕಬೇಕಿಲ್ಲದ ನೆಲ ಯಾವುದು ಎಂಬುದನ್ನು ಫೂಟ್ ಅವರ ನಕ್ಷೆ ಒಂದು ಗೆರೆಯಲ್ಲಿ ಬೇರ್ಪಡಿಸಿತ್ತು.

ಬಳ್ಳಾರಿ ಮತ್ತು ಬೂದಿದಿಬ್ಬಗಳ ಪ್ರಶ್ನೆ

1880ರ ದಶಕದಲ್ಲಿ ನಡೆದ ಬಳ್ಳಾರಿ ಜಿಲ್ಲೆಯ ಸಮೀಕ್ಷೆಯ ವರದಿ 1895ರಲ್ಲಿ ಪ್ರಕಟವಾಯಿತು. ಸಂಡೂರು ಬೆಟ್ಟಸಾಲಿನ ಹೆಮಟೈಟ್ ಅದಿರಿನ ವಿಸ್ತಾರ ಮತ್ತು ಸಮೃದ್ಧಿಯನ್ನು ಈ ವರದಿ ದಾಖಲಿಸಿದೆ. ಅದೇ ಕಾಲದಲ್ಲಿ ಅವರು ಸಂಗನಕಲ್ಲು ಮತ್ತು ಕಪ್ಪಗಲ್ಲು ನಡುವಿನ ಬೆಟ್ಟದಲ್ಲಿ ನವಶಿಲಾಯುಗದ ಕೊಡಲಿ ತಯಾರಿಕೆಯ ಬೃಹತ್ ನೆಲೆಯೊಂದನ್ನು ಪರಿಶೀಲಿಸಿದರು. ಗ್ರಾನೈಟ್ ಬೆಟ್ಟವನ್ನು ಸೀಳಿ ಹಾದುಹೋಗುವ ಡಾಲರೈಟ್ ಶಿಲೆಯ ಗೋಡೆಯಂತಹ ಪಟ್ಟಿಯಿಂದ ಕಲ್ಲು ಕಿತ್ತು, ಕೆತ್ತಿ, ಉಜ್ಜಿ ಅಲ್ಲಿನವರು ಕೊಡಲಿ ಮಾಡುತ್ತಿದ್ದರು. ಅರೆಬರೆಯಾಗಿ ಬಿಟ್ಟ ಕೊಡಲಿಗಳೂ ಚಕ್ಕೆಗಳೂ ರಾಶಿರಾಶಿಯಾಗಿ ಬಿದ್ದಿದ್ದವು. ಕಲ್ಲುಗಣಿಗಾರಿಕೆಯೂ ಈ ನಾಡಿನಲ್ಲಿ ಮೂರು ಸಾವಿರ ವರ್ಷಗಳಿಗಿಂತ ಹಳೆಯದು ಎಂಬುದಕ್ಕೆ ಈ ಬೆಟ್ಟವೇ ಸಾಕ್ಷಿ.

ಕುಡತಿನಿ, ಬೂದಿಕನಮ ಮುಂತಾದೆಡೆಯ ಬೂದಿದಿಬ್ಬಗಳು ಆ ಕಾಲದ ವಿವಾದದ ವಿಷಯ. ಸ್ಥಳೀಯರಿಗೆ ಅವು ಪುರಾಣದ ರಾಕ್ಷಸರ ಚಿತೆಗಳು. ಇತಿಹಾಸಕಾರ ರಾಬರ್ಟ್ ಸ್ಯೂವೆಲ್ ಅವನ್ನು ವಿಜಯನಗರ ಕಾಲದ ದಹನಗಳಿಗೆ ಸಂಬಂಧಿಸಿದರು. ಫೂಟ್ ಬೂದಿಯ ಮಾದರಿಗಳನ್ನೂ ಸುತ್ತಲಿನ ಶಿಲಾ ಉಪಕರಣಗಳನ್ನೂ ಪರೀಕ್ಷಿಸಿ, ಇವು ನವಶಿಲಾಯುಗದ ದನದ ದೊಡ್ಡಿಗಳಲ್ಲಿ ಸೇರಿದ ಸಗಣಿ ಸುಟ್ಟು ಉಂಟಾದವು ಎಂದು ಅಭಿಪ್ರಾಯಪಟ್ಟರು. ಬಹುಕಾಲ ಈ ಮತಕ್ಕೆ ಮನ್ನಣೆ ದೊರೆಯಲಿಲ್ಲ. 1957ರಲ್ಲಿ ರೇಮಂಡ್ ಆಲ್ಚಿನ್ ಉತ್ನೂರಿನಲ್ಲಿ ನಡೆಸಿದ ಉತ್ಖನನದಲ್ಲಿ ದೊಡ್ಡಿಯ ಬೇಲಿಗಂಬಗಳ ಗುಣಿಗಳೂ ದನಗಳ ಗೊರಸಿನ ಗುರುತುಗಳೂ ದೊರೆತ ಮೇಲೆ ಫೂಟ್ ಹೇಳಿದ್ದು ಸರಿಯೆಂದು ಸ್ಥಿರಪಟ್ಟಿತು.

ನಿವೃತ್ತಿ ಮತ್ತು ಕೊನೆಯ ವರ್ಷಗಳು

1891ರಲ್ಲಿ ಇಲಾಖೆಯಿಂದ ನಿವೃತ್ತರಾದ ಫೂಟ್ ಬರೋಡಾ ಸಂಸ್ಥಾನದಲ್ಲಿ ಕೆಲಕಾಲ ಕೆಲಸ ಮಾಡಿದರು. 1894ರಲ್ಲಿ ಮೈಸೂರು ಸಂಸ್ಥಾನವು ತನ್ನದೇ ಭೂವಿಜ್ಞಾನ ಇಲಾಖೆಯನ್ನು ಸ್ಥಾಪಿಸಿದಾಗ ಅದರ ಮೊದಲ ಮುಖ್ಯಸ್ಥರಾದರು. ಇಂದಿನ ಕರ್ನಾಟಕದ ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಮೂಲ ಇದೇ. ನಂತರ ಸೇಲಂ ಸಮೀಪದ ಏರ್ಕಾಡಿನಲ್ಲಿ ನೆಲೆಸಿ ತಮ್ಮ ಸಂಗ್ರಹವನ್ನು ವರ್ಗೀಕರಿಸುವ ಕೆಲಸದಲ್ಲಿ ತೊಡಗಿದರು. ನಾಲ್ಕು ದಶಕಗಳಲ್ಲಿ ಕೂಡಿಟ್ಟ ಆ ಸಂಗ್ರಹವನ್ನು 1904ರಲ್ಲಿ ಮದರಾಸು ಸರ್ಕಾರಿ ವಸ್ತುಸಂಗ್ರಹಾಲಯ ಕೊಂಡುಕೊಂಡಿತು. 1912ರ ಡಿಸೆಂಬರ್ 29ರಂದು ಕಲ್ಕತ್ತೆಯಲ್ಲಿ ಅವರು ನಿಧನರಾದರು. ಚಿತಾಭಸ್ಮವನ್ನು ಏರ್ಕಾಡಿನ ಹೋಲಿ ಟ್ರಿನಿಟಿ ಚರ್ಚಿನಲ್ಲಿ ಇರಿಸಲಾಗಿದೆ. ಸಂಗ್ರಹದ ಸೂಚಿ 1914ರಲ್ಲಿಯೂ ನೆಲೆಗಳ ಕಾಲ ಮತ್ತು ವ್ಯಾಪ್ತಿ ಕುರಿತ ಟಿಪ್ಪಣಿಗಳ ಸಂಪುಟ 1916ರಲ್ಲಿಯೂ ಮರಣೋತ್ತರವಾಗಿ ಪ್ರಕಟವಾದವು. ಎರಡನೆಯ ಸಂಪುಟದಲ್ಲಿ ಊರೂರಿನ ಹೆಸರು ಹಿಡಿದು ಕೊಟ್ಟ ವಿವರಗಳು ಇಂದಿಗೂ ಕ್ಷೇತ್ರಕಾರ್ಯಕ್ಕೆ ಹೊರಡುವವರ ಮೊದಲ ಓದು.

ಮಸ್ಕಿಯ ಕಥೆ ಅವರ ನಂತರವೂ ಚಿನ್ನದೊಂದಿಗೆ ಬೆಸೆದೇ ಮುಂದುವರಿಯಿತು. 1915ರಲ್ಲಿ ಚಿನ್ನ ಶೋಧಿಸುತ್ತಿದ್ದ ಗಣಿ ಎಂಜಿನಿಯರ್ ಬೀಡನ್ ಇಲ್ಲಿನ ಬೆಟ್ಟದ ಬಂಡೆಯೊಂದರ ಆಸರೆಯಲ್ಲಿ ಅಶೋಕನ ಶಾಸನವನ್ನು ಕಂಡರು. ದೇವಾನಾಂಪ್ರಿಯ ಎಂಬ ಬಿರುದಿನ ಜೊತೆಗೆ ಅಶೋಕ ಎಂಬ ಹೆಸರನ್ನು ಸ್ಪಷ್ಟವಾಗಿ ನೀಡಿದ ಮೊದಲ ಶಾಸನವಿದು. ಭಾರತೀಯ ಇತಿಹಾಸದ ಒಂದು ದೊಡ್ಡ ಸಂದೇಹ ಇದರಿಂದ ಪರಿಹಾರವಾಯಿತು. 1954ರಲ್ಲಿ ಬಿ. ಕೆ. ಥಾಪರ್ ನಡೆಸಿದ ಉತ್ಖನನ ನವಶಿಲಾ–ತಾಮ್ರಯುಗದಿಂದ ಮಧ್ಯಯುಗದವರೆಗಿನ ನಾಲ್ಕು ಹಂತಗಳ ವಸತಿಯನ್ನು ತೋರಿಸಿತು.

ಫೂಟ್ ಸಮೀಕ್ಷಿಸಿದ ನೆಲದಲ್ಲಿ ಯಂತ್ರ ಗಣಿಗಾರಿಕೆ

ಹಟ್ಟಿಯಲ್ಲಿ ಆಂಗ್ಲ ಕಂಪನಿಯ ಗಣಿಗಾರಿಕೆ 1920ರಲ್ಲಿ ನಿಂತಿತು. 1947ರಲ್ಲಿ ಹೈದರಾಬಾದ್ ಗೋಲ್ಡ್ ಮೈನ್ಸ್ ಕಂಪನಿ ಸ್ಥಾಪನೆಯಾಗಿ ಕೆಲಸ ಪುನರಾರಂಭವಾಯಿತು. ರಾಜ್ಯ ಪುನರ್ವಿಂಗಡಣೆಯ ನಂತರ ಅದು ಹಟ್ಟಿ ಚಿನ್ನದ ಗಣಿ ಕಂಪನಿಯಾಗಿ ಮೈಸೂರು ರಾಜ್ಯಕ್ಕೆ ಸೇರಿತು. 2001ರಲ್ಲಿ ಕೋಲಾರದ ಗಣಿಗಳು ಮುಚ್ಚಿದ ಬಳಿಕ ದೇಶದ ಚಿನ್ನದ ಉತ್ಪಾದನೆಯ ಬಹುಪಾಲು ಭಾರ ಹಟ್ಟಿಯ ಮೇಲೆ ಬಿದ್ದಿದೆ. ಒಂದು ಟನ್ ಅದಿರಿನಲ್ಲಿ ದೊರೆಯುವ ಚಿನ್ನ ಕೆಲವೇ ಗ್ರಾಂ. ಉಳಿದುದೆಲ್ಲವೂ ಹಿಟ್ಟಿನಂತೆ ಪುಡಿಯಾಗಿ, ಸಯನೈಡ್ ದ್ರಾವಣದಲ್ಲಿ ತೊಯ್ದು, ಗಣಿ ಊರಿನ ಪಕ್ಕ ಬೂದುಬಣ್ಣದ ದಿಬ್ಬಗಳಾಗಿ ಸೇರುತ್ತದೆ. ಪ್ರಾಚೀನರು ಎಳೆಯನ್ನು ಮಾತ್ರ ಹಿಂಬಾಲಿಸಿ ಕಿರಿದಾದ ಸೀಳುಗಳಲ್ಲಿ ಇಳಿದಿದ್ದರು. ಕೊರೆಯುವ ಮತ್ತು ತುಂಬುವ ಯಂತ್ರಗಳು ಓಡಾಡಬೇಕಾದರೆ ಸುರಂಗವೇ ಅಗಲವಾಗಬೇಕು, ಅದಿರಿನೊಂದಿಗೆ ಬರಡು ಕಲ್ಲೂ ಮೇಲೆ ಬರಬೇಕು. ದೇವದುರ್ಗ ತಾಲೂಕಿನ ಊಟಿಯಲ್ಲಂತೂ ಗಣಿ ತೆರೆದ ಗುಂಡಿಯೇ ಆಗಿದೆ. ಅಲ್ಲಿ ಎಕ್ಸ್‌ಕವೇಟರ್ ಮತ್ತು ಡಂಪರುಗಳು ಮೇಲ್ಮೈಯಿಂದಲೇ ಕೆಲಸ ಆರಂಭಿಸುತ್ತವೆ.

ಚಿನ್ನದ ಎಳೆಗಳೊಂದಿಗೆ ಆರ್ಸೆನಿಕ್ ಇರುವ ಖನಿಜಗಳೂ ಸಹಜವಾಗಿ ಸೇರಿರುತ್ತವೆ. ಯಾದಗಿರಿ ಜಿಲ್ಲೆಯ ಮಂಗಳೂರು ಎಂಬ ಹಳೆಯ ಗಣಿಪ್ರದೇಶದ ಬಳಿಯ ಕಿರದಳ್ಳಿ ತಾಂಡಾದಲ್ಲಿ ಕೊಳವೆಬಾವಿ ನೀರು ಕುಡಿದವರಲ್ಲಿ ಆರ್ಸೆನಿಕ್ ವಿಷದಿಂದ ಬರುವ ಚರ್ಮರೋಗಗಳು ಪತ್ತೆಯಾದದ್ದು ಈ ಶಿಲೆಗಳ ಇನ್ನೊಂದು ಪರಿಚಯ. ಶಿಲೆಯ ಸಹಜ ಗುಣವೆಷ್ಟು, ಅಗೆತದ ಪಾಲೆಷ್ಟು ಎಂದು ಬಿಡಿಸಿ ಹೇಳುವುದು ಸುಲಭವಲ್ಲ. ಪುಡಿಯಾದ ಕಲ್ಲು ಗಟ್ಟಿ ಬಂಡೆಗಿಂತ ಬೇಗ ನೀರಿಗೆ ತನ್ನ ಅಂಶಗಳನ್ನು ಬಿಟ್ಟುಕೊಡುತ್ತದೆ ಎಂಬುದು ಮಾತ್ರ ನಿರ್ವಿವಾದ.

ಯಂತ್ರಗಳ ಪ್ರಮಾಣ ಬೆಟ್ಟದ ಆಕಾರವನ್ನೇ ಬದಲಿಸಿದ್ದು ಸಂಡೂರಿನಲ್ಲಿ. ರಾಷ್ಟ್ರೀಯ ಖನಿಜ ಅಭಿವೃದ್ಧಿ ನಿಗಮದ ದೋಣಿಮಲೈ ಗಣಿ 1977ರಲ್ಲಿ ಆರಂಭವಾಗಿತ್ತು. 2000ದ ನಂತರ ಚೀನಾದ ಬೇಡಿಕೆಯಿಂದ ಅದಿರಿನ ಬೆಲೆ ಏರಿದಾಗ ಸಣ್ಣಪುಟ್ಟ ಗುತ್ತಿಗೆಗಳಲ್ಲಿಯೂ ಭಾರಿ ಯಂತ್ರಗಳು ಬಂದವು. ತೆರೆದ ಗಣಿಯಲ್ಲಿ ಮೊದಲು ಹೋಗುವುದು ಕಾಡು, ನಂತರ ಮೇಲ್ಮಣ್ಣು, ಅನಂತರ ಅದಿರಿಲ್ಲದ ಕಲ್ಲು. ಇಳಿಜಾರಿನಲ್ಲಿ ಸುರಿದ ಈ ರಾಶಿ ಮಳೆಗೆ ಕೊಚ್ಚಿ ಹಳ್ಳಗಳಿಗೆ, ಕೆರೆಗಳಿಗೆ ಇಳಿಯುತ್ತದೆ. ಲಾರಿಗಳ ಸಾಲಿನಿಂದ ಎದ್ದ ಕೆಂಪುಧೂಳು ಹೊಸಪೇಟೆ, ಸಂಡೂರು, ಬಳ್ಳಾರಿ ಹಾದಿಗಳ ಗಿಡಮರ, ಹೊಲ, ಮನೆಗಳ ಮೇಲೆ ವರ್ಷಗಟ್ಟಲೆ ಕೂತಿತು. ಸಮಾಜ ಪರಿವರ್ತನ ಸಮುದಾಯ 2009ರಲ್ಲಿ ಸಲ್ಲಿಸಿದ ಅರ್ಜಿಯ ಮೇರೆಗೆ ಸರ್ವೋಚ್ಚ ನ್ಯಾಯಾಲಯ 2011ರ ಜುಲೈನಲ್ಲಿ ಬಳ್ಳಾರಿಯಲ್ಲಿ ಗಣಿಗಾರಿಕೆಯನ್ನು ತಡೆಹಿಡಿಯಿತು. ಅದೇ ತಿಂಗಳು ಲೋಕಾಯುಕ್ತ ವರದಿಯೂ ಸಲ್ಲಿಕೆಯಾಯಿತು. 2013ರಲ್ಲಿ ನ್ಯಾಯಾಲಯವು ತೀವ್ರ ಅಕ್ರಮ ನಡೆಸಿದ ಗುತ್ತಿಗೆಗಳನ್ನು ರದ್ದುಪಡಿಸಿ, ಉಳಿದವುಗಳಿಗೆ ಪುನಶ್ಚೇತನ ಯೋಜನೆಯನ್ನು ಕಡ್ಡಾಯಗೊಳಿಸಿತು. ಬಳ್ಳಾರಿಗೆ ವರ್ಷಕ್ಕೆ 2.5 ಕೋಟಿ ಟನ್, ಚಿತ್ರದುರ್ಗ ಮತ್ತು ತುಮಕೂರಿಗೆ ಒಟ್ಟು 50 ಲಕ್ಷ ಟನ್ ಮಿತಿ ವಿಧಿಸಲಾಯಿತು. 2022ರಲ್ಲಿ ಈ ಮಿತಿ ಕ್ರಮವಾಗಿ 3.5 ಕೋಟಿ ಮತ್ತು 1.5 ಕೋಟಿ ಟನ್ನಿಗೆ ಏರಿತು. ಫೂಟ್ ಗುರುತಿಸಿದ ಇನ್ನೊಂದು ಪಟ್ಟಿಯಾದ ಕೋಲಾರದ ಚಿನ್ನದ ಗಣಿ ಊರಿನಲ್ಲಿಯೇ, 1964ರಲ್ಲಿ ಸ್ಥಾಪನೆಯಾದ ಬಿಇಎಂಎಲ್ ಕಾರ್ಖಾನೆಯಿಂದ ದೇಶದ ಗಣಿಗಳಿಗೆ ಬುಲ್ಡೋಜರ್, ಎಕ್ಸ್‌ಕವೇಟರುಗಳು ಹೋಗುತ್ತವೆ ಎಂಬುದು ಕಾಕತಾಳೀಯವಾದರೂ ಹೇಳದೆ ಬಿಡುವಂತಹುದಲ್ಲ.

ಸಿಂಧನೂರು ಬಯಲು

ಮಸ್ಕಿ ಹಳ್ಳದ ಕೆಳಗಿನ ಸಿಂಧನೂರು ಬಯಲಿನಲ್ಲಿ ಗಣಿಯಿಲ್ಲ. ಆದರೂ ಆ ಊರು ಈ ಕಥೆಯ ಹೊರಗಿಲ್ಲ. 1953ರಲ್ಲಿ ತುಂಗಭದ್ರಾ ಜಲಾಶಯದಿಂದ ನೀರು ಹರಿದ ಮೇಲೆ, ಸುಮಾರು 227 ಕಿಲೋಮೀಟರ್ ಉದ್ದದ ಎಡದಂಡೆ ಕಾಲುವೆಯು ಜೋಳ, ಹತ್ತಿ ಬೆಳೆಯುತ್ತಿದ್ದ ಎರೆಭೂಮಿಯನ್ನು ಭತ್ತದ ಕಣಜವನ್ನಾಗಿ ಮಾರ್ಪಡಿಸಿತು. ಯೋಜನೆಯ ಮೂಲ ಉದ್ದೇಶ ಕಡಿಮೆ ನೀರಿನ ಬೆಳೆಗಳಾಗಿದ್ದರೂ ಗದ್ದೆಗಳೇ ಹೆಚ್ಚಿದವು. ಗದ್ದೆಗೆ ಸಮತಟ್ಟಾದ ನೆಲ ಬೇಕು. ಬುಲ್ಡೋಜರ್ ಮತ್ತು ಟ್ರ್ಯಾಕ್ಟರುಗಳು ಏರುತಗ್ಗುಗಳನ್ನು ಸವರಿ ಮಟ್ಟಮಾಡುವಾಗ, ಹೊಲದ ನಡುವಿನ ಹಳೆಯ ಊರಿನ ದಿಬ್ಬ, ಹಾಳುಮಣ್ಣಿನ ಗುಡ್ಡೆಗಳಿಗೆ ಉಳಿಗಾಲವಿಲ್ಲ. ಬೂದಿದಿಬ್ಬದ ಬೂದಿಯನ್ನಂತೂ ಗೊಬ್ಬರಕ್ಕೆಂದು ಒಯ್ಯುವ ರೂಢಿ ಹಿಂದಿನಿಂದಲೂ ಇದೆ. ಗಾಡಿಯ ಬದಲು ಜೆಸಿಬಿ ಮತ್ತು ಟ್ರ್ಯಾಲಿ ಬಂದ ಮೇಲೆ ತಲೆಮಾರುಗಳ ಕೆಲಸ ವಾರದಲ್ಲಿ ಮುಗಿಯುತ್ತದೆ. ನೀರು ನಿಂತು ಸವಳಾದ ಭೂಮಿ ಈ ಬಯಲಿನ ಇನ್ನೊಂದು ಸಂಕಟ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರ ಇದರ ಪರಿಹಾರಕ್ಕಾಗಿ ಬಹುಕಾಲದಿಂದ ಕೆಲಸ ಮಾಡುತ್ತಿದೆ.

ಜಲಾಶಯದ ಮೂಲ ಸಂಗ್ರಹ ಸಾಮರ್ಥ್ಯ 133 ಟಿಎಂಸಿ ಅಡಿ. ಹೂಳು ತುಂಬಿ ಅದೀಗ 105 ಟಿಎಂಸಿ ಅಡಿಯ ಆಸುಪಾಸಿಗೆ ಇಳಿದಿದೆ. ಹೂಳಿನ ಹೆಚ್ಚಿನ ಭಾಗ ಮೇಲಿನ ವಿಶಾಲ ಜಲಾನಯನದ ಹೊಲಗಳು ಮತ್ತು ಬೋಳಾದ ಇಳಿಜಾರುಗಳಿಂದ ಬರುವುದಾದರೂ, ಸಂಡೂರು ಸಾಲಿನ ಗಣಿ ಮಣ್ಣಿನ ಪಾಲೂ ಅದರಲ್ಲಿದೆ. ಸಂಗ್ರಹ ಕಡಿಮೆಯಾದಷ್ಟೂ ಎರಡನೆಯ ಬೆಳೆಗೆ ನೀರು ಸಿಗುವುದು ಅನುಮಾನವಾಗುತ್ತದೆ. ಕಾಲುವೆಯ ಕೊನೆಭಾಗದ ರೈತರಿಗೆ ಅದು ಮೊದಲು ತಟ್ಟುತ್ತದೆ. ಸಂಡೂರಿನ ಬೆಟ್ಟವೂ ಸಿಂಧನೂರಿನ ಗದ್ದೆಯೂ ಹೀಗೆ ಒಂದೇ ನೀರಿನಿಂದ ಕಟ್ಟಿಕೊಂಡಿವೆ.

ಸಂಗನಕಲ್ಲು ಮತ್ತು ಸ್ಮರಣೆ

ಕೊಡಲಿ ತಯಾರಿಕೆಯ ಸಂಗನಕಲ್ಲು ಬೆಟ್ಟದ ಡಾಲರೈಟ್ ಬಂಡೆಗಳ ಮೇಲೆ ದನ, ಮನುಷ್ಯಾಕೃತಿಗಳ ನೂರಾರು ಕುಟ್ಟುಚಿತ್ರಗಳಿವೆ. ಕೆಲವು ಬಂಡೆಗಳನ್ನು ಬಡಿದರೆ ಗಂಟೆಯಂತೆ ನಾದ ಹೊಮ್ಮುತ್ತದೆ. ಅವುಗಳ ಮೇಲಿನ ಸವೆದ ಗುಳಿಗಳನ್ನು ನೋಡಿದರೆ ಪ್ರಾಚೀನರೂ ಇವನ್ನು ನುಡಿಸುತ್ತಿದ್ದರೆಂದು ತೋರುತ್ತದೆ. ಜಲ್ಲಿ ಮತ್ತು ಗ್ರಾನೈಟಿಗಾಗಿ ನಡೆದ ಗಣಿಗಾರಿಕೆ ಈ ಬೆಟ್ಟದ ಕೆಲವು ಭಾಗಗಳನ್ನು ನುಂಗಿತೆಂದು ಅಲ್ಲಿ ಕೆಲಸ ಮಾಡಿದ ಪುರಾತತ್ವಜ್ಞರು 2004ರ ವೇಳೆಗೆ ಎಚ್ಚರಿಸಿದ್ದರು. ಉಳಿಪೆಟ್ಟಿನಿಂದ ಕಲ್ಲು ಒಡೆಯುವ ಕಾಲದಲ್ಲಿ ಒಂದು ಚಿತ್ರ ಹಾಳಾಗುವ ಮೊದಲು ಯಾರಾದರೂ ನೋಡುವ ಸಾಧ್ಯತೆಯಿತ್ತು. ಸಿಡಿಮದ್ದು, ಬ್ರೇಕರ್ ಮತ್ತು ಕ್ರಷರುಗಳ ಕಾಲದಲ್ಲಿ ಆ ಅವಕಾಶವಿಲ್ಲ. ಪಲ್ಲಾವರದ ಜಲ್ಲಿಗುಣಿಯಲ್ಲಿ ಫೂಟ್ ಅವರಿಗೆ ದೊರೆತಂತಹ ಕಲ್ಲು ಇಂದು ಕ್ರಷರಿನ ಬಾಯಿಗೆ ಹೋದರೆ ಅದು ಬೇರೆ ಜಲ್ಲಿಯಿಂದ ಬೇರೆಯಾಗಿ ಕಾಣುವುದಿಲ್ಲ. ಲಿಂಗಸುಗೂರು, ಮುದಗಲ್ ಭಾಗದ ಗ್ರಾನೈಟ್ ಬೆಟ್ಟಗಳ ಸ್ಥಿತಿಯೂ ಇದಕ್ಕಿಂತ ಬೇರೆಯಲ್ಲ. ಸಂರಕ್ಷಿತ ಸ್ಮಾರಕವಾಗಿ ಘೋಷಿತವಾದ ಮಸ್ಕಿಯ ಶಾಸನಕ್ಕೆ ಕಾನೂನಿನ ರಕ್ಷಣೆಯಿದೆ. ಘೋಷಣೆಯಾಗದ ನೂರಾರು ನೆಲೆಗಳಿಗೆ ಫೂಟ್ ಅವರ ಸೂಚಿಯಲ್ಲಿನ ಒಂದೆರಡು ಸಾಲುಗಳ ಹೊರತು ಬೇರೆ ದಾಖಲೆಯಿಲ್ಲ.

ಫೂಟ್ ಅವರ ನಿಲುವನ್ನು ಇಂದಿನ ಪರಿಸರ ಚಿಂತನೆಯ ಅಳತೆಯಲ್ಲಿ ಅಳೆಯುವುದು ಸರಿಯಾಗದು. ಅವರು ಅದಿರು ಹುಡುಕಲೆಂದೇ ನೇಮಕಗೊಂಡ ಸರ್ಕಾರದ ಅಧಿಕಾರಿ. ಅದಿರನ್ನು ಅಗೆದು ಬಳಸಬೇಕೆಂಬುದು ಅವರ ಇಲಾಖೆಯ ಉದ್ದೇಶವಾಗಿತ್ತು. ಆದರೆ ಅದಿರಿನ ಟಿಪ್ಪಣಿ ಬರೆದ ಪುಟದ ಆಚೆ ಮಡಕೆಚೂರಿನ ಟಿಪ್ಪಣಿಯನ್ನೂ ಬರೆಯುವ ಶಿಸ್ತು ಅವರಿಗಿತ್ತು. ಗಣಿ ಗುತ್ತಿಗೆಗೆ ಮುನ್ನ ನಡೆಯುವ ಇಂದಿನ ಪರಿಸರ ಪರಿಣಾಮ ಅಧ್ಯಯನಗಳಲ್ಲಿ ಈ ಎರಡನೆಯ ಟಿಪ್ಪಣಿ ಅನೇಕ ವೇಳೆ ಇರುವುದಿಲ್ಲ.

ಬಳ್ಳಾರಿಯಲ್ಲಿ ಪುರಾತತ್ವಜ್ಞ ರವಿ ಕೋರಿಶೆಟ್ಟರ್ ಅವರ ಮುಂದಾಳತ್ವದಲ್ಲಿ ಸ್ಥಾಪನೆಯಾದ ವಸ್ತುಸಂಗ್ರಹಾಲಯಕ್ಕೆ ರಾಬರ್ಟ್ ಬ್ರೂಸ್ ಫೂಟ್ ಸಂಗನಕಲ್ಲು ಪುರಾತತ್ವ ವಸ್ತುಸಂಗ್ರಹಾಲಯ ಎಂದು ಹೆಸರಿಡಲಾಗಿದೆ. ಫೂಟ್ ಕೂಡಿಸಿದ ಮೂಲ ಸಂಗ್ರಹ ಚೆನ್ನೈನ ವಸ್ತುಸಂಗ್ರಹಾಲಯದಲ್ಲಿದೆ. ಮಸ್ಕಿ ಮತ್ತು ದೋಆಬಿನ ಇತರ ನೆಲೆಗಳಿಂದ ಅವರು ಆರಿಸಿದ ವಸ್ತುಗಳೂ ಅದರಲ್ಲಿ ಸೇರಿವೆ.